ಫೈಲ್ ಫಾರ್ಮ್ಯಾಟ್ ಬದಲಾಗುತ್ತಿದೆ, ಹಳೇ ಆರ್‌ಪಿಜಿ ಪ್ರೋಗ್ರಾಂಗಳನ್ನು ರೀಕಂಪೈಲ್ ಮಾಡದೆ ನಡೆಸುವುದು ಹೇಗೆ?

ಪೀಣ್ಯ_ಪ್ರೋಗ್ರಾಮರ್

ಎಲ್ಲರಿಗೂ ನಮಸ್ಕಾರ. ಐಬಿಎಂ ಐ (ಐಬಿಎಂನ ಬಿಸಿನೆಸ್ ಸರ್ವರ್‌ಗಳ ಆಪರೇಟಿಂಗ್ ಸಿಸ್ಟಂ) ಮೇಲೆ ಕೆಲಸ ಮಾಡುವವರು ಇಲ್ಲಿ ಇದ್ದೀರಿ ಅಂತ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ವಾಹನದ ಬಿಡಿಭಾಗ ತಯಾರಿಸುವ ಒಂದು ಕಂಪನಿಯ ಬಿಲ್ಲಿಂಗ್ ಸಿಸ್ಟಂ ನಾನು ನೋಡಿಕೊಳ್ಳುತ್ತೇನೆ. ಪೂರ್ತಿ ಆರ್‌ಪಿಜಿ, ಅಂದರೆ ಈ ಸಿಸ್ಟಂನ ಹಳೇ ಪ್ರೋಗ್ರಾಮಿಂಗ್ ಭಾಷೆ. ಕೆಲವು ಪ್ರೋಗ್ರಾಂಗಳು ತೊಂಬತ್ತರ ದಶಕದವು. ಇನ್‌ವಾಯ್ಸ್ ಹೆಡರ್ ಫೈಲ್ ಒಂದಿದೆ, ಇಲ್ಲಿ ಅದನ್ನು ಇನ್ವ್‌ಹೆಡ್ ಅಂತ ಕರೆಯೋಣ. ಡಿಡಿಎಸ್‌ನಲ್ಲಿ (ಫೈಲಿನ ಫೀಲ್ಡುಗಳನ್ನು ವಿವರಿಸುವ ಹಳೇ ಭಾಷೆ) ಮಾಡಿದ ಫಿಸಿಕಲ್ ಫೈಲ್, ಡೇಟಾ ಇರುವುದು ಇದರಲ್ಲೇ. ಅದರ ಮೇಲೆ ಒಂದಷ್ಟು ಲಾಜಿಕಲ್ ಫೈಲ್‌ಗಳಿವೆ (ಅದೇ ಡೇಟಾವನ್ನು ಬೇರೆ ಕೀ ಅಥವಾ ಬೇರೆ ಫೀಲ್ಡುಗಳಲ್ಲಿ ತೋರಿಸುವವು), ನೂರಾರು ಪ್ರೋಗ್ರಾಂಗಳು ಇವನ್ನು ಓಪನ್ ಮಾಡುತ್ತವೆ.

ಇ-ಇನ್‌ವಾಯ್ಸ್ ವಿವರವನ್ನು ಇಷ್ಟು ದಿನ ಎಕ್ಸೆಲ್‌ನಲ್ಲಿ ಇಟ್ಟುಕೊಂಡು ಬಂದಿದ್ದಾರೆ. ಈಗ ಅದೆಲ್ಲ ಸಿಸ್ಟಂ ಒಳಗೇ ಬರಬೇಕಂತೆ. ಬೇಕಾಗಿರುವುದು ಇಷ್ಟು: ಜಿಎಸ್‌ಟಿ ಇ-ಇನ್‌ವಾಯ್ಸ್ ಪೋರ್ಟಲ್ ಕೊಡುವ 64 ಅಕ್ಷರದ ಐಆರ್‌ಎನ್ (ಇನ್‌ವಾಯ್ಸಿನ ಗುರುತಿನ ನಂಬರ್), ಅದರ ಜೊತೆ ಬರುವ ಕ್ಯೂಆರ್ ಕೋಡ್‌ನ ಉದ್ದನೆಯ ಪಠ್ಯ, 12 ಅಂಕಿಯ ಇ-ವೇ ಬಿಲ್ ನಂಬರ್. ಇನ್ನೊಂದು ವಿಷಯ, ಗಿರಾಕಿಯ ಹೆಸರು ಈಗ 30 ಅಕ್ಷರಕ್ಕೆ ಕತ್ತರಿಸಿಹೋಗುತ್ತಿದೆ. ಪೂರ್ತಿ ಲೀಗಲ್ ನೇಮ್ ಹೋಗಬೇಕು, ಹಾಗಾಗಿ ಆ ಫೀಲ್ಡ್ ಉದ್ದ ಮಾಡಬೇಕು.

ಟೆಸ್ಟ್ ಲೈಬ್ರರಿಯಲ್ಲಿ ಒಂದು ಫೀಲ್ಡ್ ಸೇರಿಸಿ ನೋಡಿದೆ. ನಿರೀಕ್ಷೆಯಂತೆ ಮೊದಲ ಪ್ರೋಗ್ರಾಂ ಓಪನ್‌ನಲ್ಲೇ ಸಿಪಿಎಫ್ 4131 (ಫೈಲಿನ ಫಾರ್ಮ್ಯಾಟ್ ಹೊಂದುತ್ತಿಲ್ಲ ಅನ್ನುವ ಎರರ್) ಕೊಟ್ಟು ನಿಂತಿತು. ಎಲ್ಲವನ್ನೂ ರೀಕಂಪೈಲ್ ಮಾಡೋಣ ಅಂದರೆ, ಕೆಲವಕ್ಕೆ ಸೋರ್ಸ್ ಸಿಗುತ್ತಿಲ್ಲ. ಸಿಕ್ಕ ಕೆಲವು ಸೋರ್ಸ್‌ಗಳು ಓಡುತ್ತಿರುವ ಆಬ್ಜೆಕ್ಟಿನದ್ದೇ ಅಂತ ನಂಬಿಕೆ ಇಲ್ಲ. ಮ್ಯಾನೇಜರ್ "ಲೆವೆಲ್ ಚೆಕ್ ಆಫ್ ಮಾಡಿ ಮುಗಿಸಿ" ಅನ್ನುತ್ತಿದ್ದಾರೆ. ಲೆವೆಲ್ ಚೆಕ್ ಅಂದರೆ ಈ ಎರರ್ ಕೊಡುವ ತಪಾಸಣೆ. ಅದನ್ನು ಆಫ್ ಮಾಡಲು ನನಗೆ ಧೈರ್ಯ ಬರುತ್ತಿಲ್ಲ. ಬೇರೆ ದಾರಿ ಇದೆಯಾ?

ಕರಾವಳಿ_ಕೋಡರ್

ನಮ್ಮಲ್ಲಿ ಬಹಳ ವರ್ಷದಿಂದ ಲೆವೆಲ್ ಚೆಕ್ ನೋ ಅಂತಲೇ ಇದೆ. ಏನೂ ಆಗಿಲ್ಲ. ಹೊಸ ಫೀಲ್ಡನ್ನು ಯಾವಾಗಲೂ ಕೊನೆಯಲ್ಲೇ ಸೇರಿಸಬೇಕು, ಅದೊಂದೇ ನಿಯಮ. ಹಳೇ ಪ್ರೋಗ್ರಾಂಗೆ ರೆಕಾರ್ಡಿನ ಮೊದಲ ಭಾಗ ಎಂದಿನ ಹಾಗೇ ಕಾಣುತ್ತದೆ, ಅದು ತನ್ನ ಪಾಡಿಗೆ ಓದಿಕೊಂಡು ಹೋಗುತ್ತದೆ. ನೂರಾರು ಪ್ರೋಗ್ರಾಂ ರೀಕಂಪೈಲ್ ಮಾಡಿ ಟೆಸ್ಟ್ ಮಾಡುವ ಸಮಯ ಯಾವ ಕಂಪನಿ ಕೊಡುತ್ತದೆ ಹೇಳಿ?

ಹೆಸರಿನ ಫೀಲ್ಡ್ ಉದ್ದ ಮಾಡುವುದಕ್ಕೆ ಮಾತ್ರ ಇದು ಆಗಲ್ಲ. ಅದು ರೆಕಾರ್ಡಿನ ಮಧ್ಯದಲ್ಲಿದ್ದರೆ ಮುಂದಿನದೆಲ್ಲ ಜರುಗುತ್ತದೆ.

ಹಸಿರು_ಪರದೆ

ಪೀಣ್ಯದವರೇ, ಧೈರ್ಯ ಬರುತ್ತಿಲ್ಲ ಅಂದಿರಲ್ಲ, ಆ ಅಳುಕು ಸರಿಯಾದದ್ದೇ. ದಯವಿಟ್ಟು ಆಫ್ ಮಾಡಬೇಡಿ. ಕರಾವಳಿ ಸರ್ ಹೇಳಿದ್ದು ತಾಂತ್ರಿಕವಾಗಿ ಸುಳ್ಳಲ್ಲ, ಆದರೆ ಅದು ನಿಂತಿರುವುದು ಮುಂದೆ ಬರುವ ಪ್ರತಿಯೊಬ್ಬರೂ ಆ ಒಂದು ನಿಯಮವನ್ನು ನೆನಪಿಟ್ಟುಕೊಳ್ಳುತ್ತಾರೆ ಅನ್ನುವ ನಂಬಿಕೆಯ ಮೇಲೆ.

ಮೊದಲು ಲೆವೆಲ್ ಚೆಕ್ ಏನು ಮಾಡುತ್ತದೆ ಅಂತ ನೋಡೋಣ, ಯಾಕೆಂದರೆ ದಾರಿ ಅಲ್ಲೇ ಇದೆ. ಫೈಲ್ ಕ್ರಿಯೇಟ್ ಆದಾಗ ಅದರ ರೆಕಾರ್ಡ್ ಫಾರ್ಮ್ಯಾಟಿಗೆ ಸಿಸ್ಟಂ 13 ಅಕ್ಷರದ ಒಂದು ಗುರುತು ಲೆಕ್ಕ ಹಾಕಿ ಇಡುತ್ತದೆ. ಫಾರ್ಮ್ಯಾಟಿನ ಹೆಸರು, ಫೀಲ್ಡುಗಳ ಹೆಸರು, ಅವುಗಳ ಕ್ರಮ, ಉದ್ದ, ಟೈಪ್, ದಶಮಾಂಶ ಸ್ಥಾನ ಇವೆಲ್ಲ ಆ ಲೆಕ್ಕಕ್ಕೆ ಸೇರುತ್ತವೆ. ಕೀ ಬದಲಾಯಿಸಿದರೆ ಈ ಗುರುತು ಬದಲಾಗಲ್ಲ. ಫೀಲ್ಡ್ ಟೆಕ್ಸ್ಟ್, ಕಾಲಂ ಹೆಡಿಂಗ್ ಬದಲಾಯಿಸಿದರೂ ಅಷ್ಟೇ. ಪ್ರೋಗ್ರಾಂ ಕಂಪೈಲ್ ಆಗುವಾಗ ಕಂಪೈಲರ್ ಫೀಲ್ಡುಗಳ ವಿವರದ ಜೊತೆ ಈ ಗುರುತನ್ನೂ ಪ್ರೋಗ್ರಾಂ ಒಳಗೆ ಬರೆದುಕೊಳ್ಳುತ್ತದೆ. ಓಪನ್ ಮಾಡುವಾಗ ಎರಡನ್ನೂ ಹೋಲಿಸುತ್ತದೆ. ಬೇರೆ ಇದ್ದರೆ ಸಿಪಿಎಫ್ 4131.

ಇಲ್ಲಿ ಒಂದು ಮಾತು ಗಮನಿಸಿ. ಸಿಸ್ಟಂ ನೋಡುವುದು ಪ್ರೋಗ್ರಾಂ ಓಪನ್ ಮಾಡುವ ಹೆಸರಿನ ಫೈಲಿನ ಫಾರ್ಮ್ಯಾಟನ್ನು. ಆ ಹೆಸರಿನಲ್ಲಿ ಇರುವುದು ಫಿಸಿಕಲ್ ಫೈಲೋ ಲಾಜಿಕಲ್ ಫೈಲೋ ಅನ್ನುವುದು ಈ ಹೋಲಿಕೆಗೆ ಬೇಕಿಲ್ಲ. ಆದ್ದರಿಂದ ಡೇಟಾವನ್ನು ಹೊಸ ಹೆಸರಿನ ಟೇಬಲ್ಲಿಗೆ ಸಾಗಿಸಿ. ಹಳೇ ಹೆಸರಿನಲ್ಲಿ ಒಂದು ಲಾಜಿಕಲ್ ಫೈಲ್ ಮಾಡಿ, ಅದರಲ್ಲಿ ಹಳೇ ಫೀಲ್ಡುಗಳನ್ನಷ್ಟೇ, ಅದೇ ಕ್ರಮದಲ್ಲಿ, ಅದೇ ಫಾರ್ಮ್ಯಾಟ್ ಹೆಸರಿನಲ್ಲಿ ಕೊಡಿ. ಗುರುತು ಅದೇ ಬರುತ್ತದೆ. ಹಳೇ ಪ್ರೋಗ್ರಾಂಗೆ ತನ್ನ ಕೆಳಗೆ ಏನು ಬದಲಾಯಿತು ಅಂತ ಗೊತ್ತೇ ಆಗಲ್ಲ, ರೀಕಂಪೈಲೂ ಬೇಡ, ಲೆವೆಲ್ ಚೆಕ್ ಆಫ್ ಮಾಡುವುದೂ ಬೇಡ.

ಹೊಸಬ_ಜಾವಾ

ನಾನು ಜಾವಾ ಕಡೆಯವನು, ಇತ್ತೀಚೆಗೆ ಈ ಸಿಸ್ಟಂ ಜೊತೆ ಕೆಲಸ ಬಿದ್ದಿದೆ. ಒಂದು ಸಂದೇಹ. ನಾವು ಟೇಬಲ್ಲಿಗೆ ಕಾಲಂ ಸೇರಿಸಿದರೆ ಹಳೇ ಕೋಡಿಗೆ ಏನೂ ಆಗಲ್ಲ. ಇಲ್ಲಿ ಯಾಕೆ ಇಷ್ಟು ಕಟ್ಟುನಿಟ್ಟು?

ಹಸಿರು_ಪರದೆ

ನೀವು ಕಾಲಮ್ಮನ್ನು ಹೆಸರು ಹಿಡಿದು ಕೇಳುತ್ತೀರಿ, ಡೇಟಾಬೇಸ್ ಹುಡುಕಿ ಕೊಡುತ್ತದೆ. ಆರ್‌ಪಿಜಿಯ ಹಳೇ ರೀತಿಯ ರೀಡ್ (ಸಾಲಾಗಿ ಓದುವುದು), ಚೈನ್ (ಕೀ ಹಿಡಿದು ಓದುವುದು) ಹಾಗಲ್ಲ. ಇಡೀ ರೆಕಾರ್ಡ್ ಒಂದು ಬಫರಿಗೆ ಬಂದು ಬೀಳುತ್ತದೆ. 41ನೇ ಬೈಟಿನಿಂದ 5 ಬೈಟ್ ಅಂದರೆ ಮೊತ್ತ, ಅಷ್ಟೇ ಪ್ರೋಗ್ರಾಂಗೆ ಗೊತ್ತು. ಆ ಜಾಗ ಕಂಪೈಲ್ ಆದ ದಿನವೇ ಗಟ್ಟಿಯಾಗಿದೆ. ಇದರಿಂದ ವೇಗ ಸಿಗುತ್ತದೆ. ಆದರೆ ಜಾಗ ಜರುಗಿದರೆ ಪ್ರೋಗ್ರಾಂಗೆ ತಿಳಿಯುವ ಬೇರೆ ಉಪಾಯ ಇಲ್ಲ. ಆ ಉಪಾಯವೇ ಲೆವೆಲ್ ಚೆಕ್.

ಅದನ್ನು ಆಫ್ ಮಾಡಿದ ಮೇಲೆ ಯಾರಾದರೂ ಮಧ್ಯದಲ್ಲಿ ಫೀಲ್ಡ್ ಸೇರಿಸಿದರೆ ಏನಾಗುತ್ತದೆ? ಪ್ಯಾಕ್ಡ್ ಫೀಲ್ಡಿನ (ಅಂಕಿಗಳನ್ನು ಒತ್ತೊತ್ತಾಗಿ ಇಡುವ ಫೀಲ್ಡ್) ಜಾಗಕ್ಕೆ ಅಕ್ಷರ ಬಂದರೆ ಡೆಸಿಮಲ್ ಡೇಟಾ ಎರರ್, ಸ್ಟೇಟಸ್ 907, ಪ್ರೋಗ್ರಾಂ ನಿಲ್ಲುತ್ತದೆ. ಅದಾದರೂ ಒಳ್ಳೆಯದು, ಗೊತ್ತಾಯಿತಲ್ಲ. ಅಕ್ಷರದ ಫೀಲ್ಡಿನ ಜಾಗಕ್ಕೆ ಬೇರೆ ಅಕ್ಷರ ಬಂದರೆ ಎರರ್ ಇಲ್ಲ, ಏನಿಲ್ಲ. ತಪ್ಪು ಗಿರಾಕಿ ಕೋಡಿನಲ್ಲಿ ಬಿಲ್ ಬರೆದುಕೊಂಡು ಹೋಗುತ್ತದೆ. ತಿಂಗಳಾದ ಮೇಲೆ ಲೆಕ್ಕ ತಾಳೆಯಾಗದಿದ್ದಾಗ ಹುಡುಕಲು ಕೂರಬೇಕು.

ಶರಾವತಿ_ಎಸ್‌ಕ್ಯೂಎಲ್

ಜಾವಾದವರೇ, ನಿಮ್ಮ ಕಡೆಯೂ ಪೂರ್ತಿ ಕ್ಷೇಮ ಅಂದುಕೊಳ್ಳಬೇಡಿ. ಸೆಲೆಕ್ಟ್ ಸ್ಟಾರ್ (ಎಲ್ಲ ಕಾಲಂ ಕೇಳುವುದು) ಹಾಕಿ, ಫಲಿತಾಂಶದಿಂದ ಐದನೇ ಕಾಲಂ ತೆಗೆಯುವ ಕೋಡ್ ಎಷ್ಟು ಜನ ಬರೆದಿಲ್ಲ! ಮಧ್ಯದಲ್ಲಿ ಒಂದು ಕಾಲಂ ಬಂದರೆ ಅದೂ ಸುಮ್ನೆ ತಪ್ಪು ಕಾಲಂ ಓದುತ್ತದೆ. ಕಾಲಂ ಪಟ್ಟಿ ಕೊಡದೆ ಇನ್ಸರ್ಟ್ ಬರೆದಿದ್ದರೆ ಹೊಸ ಕಾಲಂ ಬಂದ ದಿನವೇ ಎಸ್‌ಕ್ಯೂಎಲ್ ಕೋಡ್ ಮೈನಸ್ 117 ಸಿಗುತ್ತದೆ, ವ್ಯಾಲ್ಯೂಗಳ ಸಂಖ್ಯೆ ಕಾಲಂಗಳಿಗೆ ಹೊಂದುತ್ತಿಲ್ಲ ಅಂತ.

ಪೀಣ್ಯದವರಿಗೆ: ನಿಮ್ಮ ಆರ್‌ಪಿಜಿ ಒಳಗೆ ಎಂಬೆಡೆಡ್ ಎಸ್‌ಕ್ಯೂಎಲ್ (ಪ್ರೋಗ್ರಾಂ ಒಳಗೇ ಬರೆದ ಎಸ್‌ಕ್ಯೂಎಲ್) ಇದೆಯಾ ನೋಡಿ. ಅವಕ್ಕೆ ಲೆವೆಲ್ ಚೆಕ್ ಇಲ್ಲ, ಡೇಟಾ ತರುವ ದಾರಿಯಾದ ಆಕ್ಸೆಸ್ ಪ್ಲಾನನ್ನು ಸಿಸ್ಟಂ ತಾನೇ ಮತ್ತೆ ಕಟ್ಟಿಕೊಳ್ಳುತ್ತದೆ. ಆದರೆ ಫಲಿತಾಂಶ ಬಂದು ಬೀಳುವ ಪ್ರೋಗ್ರಾಂ ವೇರಿಯಬಲ್ (ಹೋಸ್ಟ್ ವೇರಿಯಬಲ್) ಚಿಕ್ಕದಾಗಿಯೇ ಉಳಿದಿರುತ್ತದೆ. ಸಂಖ್ಯೆ ಹಿಡಿಸದಿದ್ದರೆ ಮೈನಸ್ 304 ಬರುತ್ತದೆ. ಅಕ್ಷರವಾದರೆ ಕತ್ತರಿಸಿ ಕೊಟ್ಟು ಒಂದು ಎಚ್ಚರಿಕೆ ಫ್ಲ್ಯಾಗ್ ಎತ್ತುತ್ತದೆ. ಆ ಫ್ಲ್ಯಾಗನ್ನು ನೋಡುವ ಪ್ರೋಗ್ರಾಂ ಕಡಿಮೆ.

ಮಿನ್ನೆಸೋಟ_ಕನ್ನಡಿಗ

ಈ ಚರ್ಚೆ ನೋಡಿ ಖುಷಿಯಾಯಿತು. ನಾನಿರುವುದು ಈ ಮಷೀನ್ ಹುಟ್ಟಿದ ರಾಜ್ಯದಲ್ಲಿ. ಐಬಿಎಂ ಐ ಹಿಂದಿನ ತಲೆಮಾರುಗಳಲ್ಲಿ ಸಿಸ್ಟಂ 38 ಘೋಷಣೆಯಾದದ್ದು 1978ರಲ್ಲಿ, ಎಎಸ್ 400 ಬಂದದ್ದು 1988ರ ಜೂನ್‌ನಲ್ಲಿ, ಎರಡೂ ರಾಚೆಸ್ಟರ್‌ನ ಐಬಿಎಂ ಲ್ಯಾಬಿನ ಕೆಲಸ. ಫೈಲಿನ ವಿವರ ಫೈಲಿನ ಜೊತೆಗೇ ಇರಬೇಕು, ಪ್ರತಿ ಪ್ರೋಗ್ರಾಂ ಅದನ್ನು ಬೇರೆ ಬೇರೆ ಬರೆದುಕೊಳ್ಳಬಾರದು ಅನ್ನುವ ಯೋಚನೆ ಸಿಸ್ಟಂ 38ರಲ್ಲೇ ಇತ್ತು.

ಸೋರ್ಸ್ ಸಿಗದ ಪ್ರೋಗ್ರಾಂಗಳ ಬಗ್ಗೆ ಒಂದು ಮಾತು. ಅವು ಇಂದಿಗೂ ಓಡುತ್ತಿರುವುದಕ್ಕೆ ಕಾರಣ ಇದೆ. ಇಲ್ಲಿ ಪ್ರೋಗ್ರಾಂ ನೇರ ಹಾರ್ಡ್‌ವೇರಿಗೆ ಕಂಪೈಲ್ ಆಗಲ್ಲ, ನಡುವೆ ಒಂದು ಮಷೀನ್ ಇಂಟರ್‌ಫೇಸ್ ಇದೆ. 1995ರಲ್ಲಿ 48 ಬಿಟ್ ಪ್ರೊಸೆಸರಿನಿಂದ 64 ಬಿಟ್ ಪವರ್ ಪ್ರೊಸೆಸರಿಗೆ ಹೋದಾಗ, ಒಳಗಿನ ಆ ಮಧ್ಯಂತರ ರೂಪವನ್ನು ಅಳಿಸದೆ ಇಟ್ಟುಕೊಂಡಿದ್ದ ಆಬ್ಜೆಕ್ಟುಗಳನ್ನು ಸಿಸ್ಟಂ ತಾನೇ ಹೊಸ ಪ್ರೊಸೆಸರಿಗೆ ತಿರುಗಿಸಿಕೊಂಡಿತು. ಸೋರ್ಸ್ ಬೇಕಾಗಲಿಲ್ಲ. ಹಾಗಾಗಿ ಸೋರ್ಸ್ ಕಳೆದುಕೊಂಡವರಿಗೆ ಅದು ಕಳೆದಿದೆ ಅಂತ ಗೊತ್ತಾಗುವುದು ಹೀಗೆ ಫೈಲ್ ಬದಲಾಯಿಸುವ ದಿನವೇ.

ಲಾಜಿಕಲ್ ಫೈಲ್ ದಾರಿಗೇ ನನ್ನ ಮತ.

ಪೀಣ್ಯ_ಪ್ರೋಗ್ರಾಮರ್

ಹಸಿರು ಪರದೆ ಸರ್, ತುಂಬಾ ಧನ್ಯವಾದ. ಮನಸ್ಸಿಗೆ ಬಂತು. ಆದರೆ ಹೆಜ್ಜೆ ಹೆಜ್ಜೆಯಾಗಿ ಹೇಳಿದರೆ ಉಪಕಾರವಾಗುತ್ತದೆ. ಈಗಿರುವ ಬೇರೆ ಲಾಜಿಕಲ್ ಫೈಲ್‌ಗಳ ಗತಿ ಏನು? ಹೆಸರಿನ ಫೀಲ್ಡ್ 30ರಿಂದ ಉದ್ದ ಮಾಡುವುದು ಹೇಗೆ?

ಹಸಿರು_ಪರದೆ

ಸ್ವಲ್ಪ ಉದ್ದ ಆಗುತ್ತದೆ, ಓದಿ.

ಏನನ್ನೂ ಮುಟ್ಟುವ ಮೊದಲು ಯಾರು ಯಾರು ಈ ಫೈಲನ್ನು ಹಿಡಿದಿದ್ದಾರೆ ಅಂತ ಪಟ್ಟಿ ಮಾಡಿ. ಡಿಎಸ್‌ಪಿಡಿಬಿಆರ್ ಕಮಾಂಡ್ ಲಾಜಿಕಲ್ ಫೈಲ್‌ಗಳನ್ನು ತೋರಿಸುತ್ತದೆ. ಡಿಎಸ್‌ಪಿಪಿಜಿಎಂಆರ್‌ಇಎಫ್ ಪ್ರೋಗ್ರಾಂಗಳನ್ನು ತೋರಿಸುತ್ತದೆ, ಅದನ್ನು ಔಟ್‌ಫೈಲಿಗೆ (ಫಲಿತಾಂಶ ಬರೆದಿಡುವ ಫೈಲ್) ಹಾಕಿಸಿ. ಪ್ರೋಗ್ರಾಂ ಜೊತೆಗೆ ಸರ್ವಿಸ್ ಪ್ರೋಗ್ರಾಂ (ಬೇರೆ ಪ್ರೋಗ್ರಾಂಗಳು ಕರೆಯುವ ಪ್ರೊಸೀಜರುಗಳ ಗುಂಪು), ಮಾಡ್ಯೂಲ್, ಕ್ವೆರಿ ಡೆಫಿನಿಷನ್ ಎಲ್ಲವನ್ನೂ ಸೇರಿಸಿ. ಓವರ್‌ರೈಡ್ ಮಾಡಿ ಬೇರೆ ಹೆಸರಿನಲ್ಲಿ ಓಪನ್ ಮಾಡುವವು, ಡೈನಾಮಿಕ್ ಎಸ್‌ಕ್ಯೂಎಲ್ ಬರೆಯುವವು ಈ ಪಟ್ಟಿಗೆ ಸಿಗಲ್ಲ. ಅವಕ್ಕೆ ಸೋರ್ಸಿನಲ್ಲಿ ಹೆಸರು ಹುಡುಕಬೇಕು.

ಡಿಎಸ್‌ಪಿಎಫ್‌ಡಿ (ಫೈಲಿನ ವಿವರ ತೋರಿಸುವ ಕಮಾಂಡ್) ಹಾಕಿ ಇನ್ವ್‌ಹೆಡ್‌ನ ಈಗಿನ ಫಾರ್ಮ್ಯಾಟ್ ಗುರುತನ್ನು ಬರೆದಿಟ್ಟುಕೊಳ್ಳಿ. ಇಡೀ ಕೆಲಸದಲ್ಲಿ ನಿಮ್ಮ ಅಳತೆಗೋಲು ಇದೇ.

ನಂತರ ಹೊಸ ಹೆಸರಿನಲ್ಲಿ ಟೇಬಲ್ ಮಾಡಿ, ಇನ್ವ್‌ಹೆಡ್‌ಟಿ ಅಂತ ಇಟ್ಟುಕೊಳ್ಳೋಣ. ಹಳೇ ಫೀಲ್ಡುಗಳೆಲ್ಲ ಅದೇ ಹೆಸರು, ಅದೇ ಉದ್ದ, ಅದೇ ಟೈಪ್. ಪ್ರತಿ ಕಾಲಮ್ಮಿಗೂ ನಾಟ್ ನಲ್ (ಮೌಲ್ಯವಿಲ್ಲದೆ ಬಿಡುವಂತಿಲ್ಲ) ಕೊಡಿ. ಅದನ್ನು ಮರೆತರೆ ಎಸ್‌ಕ್ಯೂಎಲ್‌ನಲ್ಲಿ ಕಾಲಂ ನಲ್ ಒಪ್ಪುವಂಥದ್ದಾಗುತ್ತದೆ, ಗುರುತು ಹೊಂದದಿರುವುದಕ್ಕೆ ನಾನು ಹೆಚ್ಚಾಗಿ ನೋಡಿದ ಕಾರಣ ಇದೇ. ಹೊಸ ಕಾಲಂಗಳಿಗೆ ನಾಟ್ ನಲ್ ಜೊತೆ ಡೀಫಾಲ್ಟ್ ಇರಲೇಬೇಕು, ಯಾಕೆಂದರೆ ಹಳೇ ಪ್ರೋಗ್ರಾಂ ಲಾಜಿಕಲ್ ಫೈಲ್ ಮೂಲಕ ರೆಕಾರ್ಡ್ ಬರೆದಾಗ ಅದಕ್ಕೆ ಗೊತ್ತಿಲ್ಲದ ಕಾಲಂಗಳಿಗೆ ಸಿಸ್ಟಂ ಡೀಫಾಲ್ಟ್ ತುಂಬಬೇಕು.

ಆಮೇಲೆ ಇನ್ವ್‌ಹೆಡ್ ಅನ್ನುವ ಲಾಜಿಕಲ್ ಫೈಲ್. ಯಾವ ಫೈಲಿನ ಮೇಲೆ ಅಂತ ಹೇಳುವ ಪಿಫೈಲ್ ಕೀವರ್ಡಿನಲ್ಲಿ ಹೊಸ ಟೇಬಲ್. ಫೀಲ್ಡುಗಳನ್ನು ಒಂದೊಂದಾಗಿ ಬರೆಯಿರಿ. ಬರೆಯದೆ ಬಿಟ್ಟರೆ ಅದು ಟೇಬಲ್ಲಿನ ಪೂರ್ತಿ ಫಾರ್ಮ್ಯಾಟನ್ನೇ ಎತ್ತಿಕೊಳ್ಳುತ್ತದೆ, ಮಾಡಿದ್ದೆಲ್ಲ ವ್ಯರ್ಥ. ಹಳೇ ಫಿಸಿಕಲ್ ಫೈಲಿಗೆ ಕೀ ಇದ್ದರೆ ಇದಕ್ಕೂ ಅದೇ ಕೀ. ಕ್ರಿಯೇಟ್ ಆದ ಕೂಡಲೇ ಡಿಎಸ್‌ಪಿಎಫ್‌ಡಿ ಹಾಕಿ, 13 ಅಕ್ಷರವೂ ಹೊಂದುತ್ತದಾ ನೋಡಿ. ಒಂದು ಅಕ್ಷರ ಬೇರೆ ಬಂದರೂ ಅಲ್ಲೇ ನಿಲ್ಲಿಸಿ ಕಾರಣ ಹುಡುಕಿ.

ಈಗಿರುವ ಬೇರೆ ಲಾಜಿಕಲ್ ಫೈಲ್‌ಗಳಲ್ಲಿ ಫೀಲ್ಡ್ ಪಟ್ಟಿ ಇರುವವು, ಇಲ್ಲದವು ಅಂತ ಎರಡು ಬಗೆ. ಪಟ್ಟಿ ಇರುವವಕ್ಕೆ ಪಿಫೈಲ್ ಬದಲಾಯಿಸಿ ಮತ್ತೆ ಕ್ರಿಯೇಟ್ ಮಾಡಿದರೆ ಸಾಕು. ಪಟ್ಟಿ ಇಲ್ಲದವು ಇಷ್ಟು ದಿನ ಫಿಸಿಕಲ್ ಫೈಲಿನ ಫಾರ್ಮ್ಯಾಟನ್ನೇ ಹಂಚಿಕೊಂಡಿದ್ದವು. ಅವಕ್ಕೆ ಪಿಫೈಲ್ ಹೊಸ ಟೇಬಲ್, ಫಾರ್ಮ್ಯಾಟ್ ಕೀವರ್ಡಿನಲ್ಲಿ ಇನ್ವ್‌ಹೆಡ್ ಕೊಡಿ. ಅವುಗಳ ಗುರುತೂ ಹಳೆಯದೇ ಉಳಿಯುತ್ತದೆ.

ಇದರಿಂದ ನನಗೆ ತುಂಬಾ ಇಷ್ಟವಾಗುವ ಲಾಭ ಇನ್ನೊಂದಿದೆ. ನಾಳೆ ಬೇರೆ ಯಾವುದೋ ಕಾರಣಕ್ಕೆ ಯಾರಾದರೂ ಒಂದು ಹಳೇ ಪ್ರೋಗ್ರಾಂ ರೀಕಂಪೈಲ್ ಮಾಡಿದರೂ ಅದಕ್ಕೆ ಸಿಗುವುದು ಅದೇ ಹಳೇ ಫಾರ್ಮ್ಯಾಟ್. ಅಚ್ಚರಿ ಇಲ್ಲ. ಹೊಸ ಫೀಲ್ಡ್ ಬೇಕಾದ ಪ್ರೋಗ್ರಾಂ ಮಾತ್ರ ಹೊಸ ಟೇಬಲ್ ಕಡೆ ಹೋಗುತ್ತದೆ. ಮುಂದಿನ ಸಲ ಕಾಲಂ ಸೇರಿಸುವಾಗ ಹಳಬರು ಯಾರೂ ಎಚ್ಚರಗೊಳ್ಳಲ್ಲ.

ಹೆಸರಿನ ಫೀಲ್ಡ್ ವಿಷಯ. ಅದನ್ನು ಉದ್ದ ಮಾಡಬೇಡಿ. ಲಾಜಿಕಲ್ ಫೈಲಿನಲ್ಲಿ ಅದೇ ಫೀಲ್ಡನ್ನು 30 ಅಂತ ಚಿಕ್ಕದಾಗಿ ತೋರಿಸಲು ಸಾಧ್ಯ ಇದೆ, ಓದುವುದಕ್ಕೆ ಮಾತ್ರ ಬಳಸುವ ಪ್ರೋಗ್ರಾಂಗೆ ಅದು ಸರಿ. ಅಪ್‌ಡೇಟ್ ಮಾಡುವ ಪ್ರೋಗ್ರಾಂಗೆ ಅದನ್ನು ಕೊಡಬಾರದು, ಬಾಲ ಕಳೆದುಕೊಂಡ ಹೆಸರನ್ನು ಯಾರು ಯಾವಾಗ ವಾಪಸ್ ಬರೆಯುತ್ತಾರೋ ಅನ್ನುವ ಚಿಂತೆ ಬೇಡ. ಹಳೇ 30ರ ಫೀಲ್ಡ್ ಹಾಗೇ ಇರಲಿ, ಲೀಗಲ್ ನೇಮ್ ಅಂತ 100 ಅಕ್ಷರದ ಹೊಸ ಕಾಲಂ ಬರಲಿ. ಪ್ರಿಂಟ್ ಮತ್ತು ಇ-ಇನ್‌ವಾಯ್ಸ್ ಕೋಡ್ ಹೊಸದನ್ನು ಓದಲಿ.

ಕರಾವಳಿ_ಕೋಡರ್

ಇದು ಚೆನ್ನಾಗಿದೆ, ಒಪ್ಪಿದೆ. ಆದರೆ ನಮ್ಮಲ್ಲಿ ಇನ್ನೊಂದು ಪದ್ಧತಿ ಇತ್ತು. ಫೈಲ್ ಮಾಡುವಾಗಲೇ ಕೊನೆಯಲ್ಲಿ 50 ಅಥವಾ 100 ಅಕ್ಷರದ ಫಿಲ್ಲರ್ ಬಿಟ್ಟಿರುವುದು. ಬೇಕಾದಾಗ ಪ್ರೋಗ್ರಾಂ ಒಳಗೆ ಡೇಟಾ ಸ್ಟ್ರಕ್ಚರ್ ಹಾಕಿ ಅದರಲ್ಲಿ ತುಂಡು ತುಂಡು ಬಳಸಿಕೊಳ್ಳುವುದು. ಫಾರ್ಮ್ಯಾಟ್ ಬದಲಾಗಲ್ಲ, ರೀಕಂಪೈಲ್ ಇಲ್ಲ.

ಶರಾವತಿ_ಎಸ್‌ಕ್ಯೂಎಲ್

ಅಣ್ಣಾ, ಆ ಫಿಲ್ಲರಿನಿಂದ ನಾನು ರಿಪೋರ್ಟ್ ಬರೆಯಬೇಕಾಗಿ ಬಂದಿತ್ತು. ಮೊದಲ 12 ಅಕ್ಷರ ಏನು, ನಂತರದ 8 ಏನು ಅಂತ ಒಂದು ಹಳೇ ಪ್ರೋಗ್ರಾಂ ಒಳಗೆ ಮಾತ್ರ ಬರೆದಿತ್ತು. ಬೇರೆ ಪ್ರೋಗ್ರಾಂ ಅದೇ ಜಾಗವನ್ನು ಬೇರೆ ಕೆಲಸಕ್ಕೆ ಬಳಸಿತ್ತು. ಡೇಟಾಬೇಸಿಗೆ ಅದರ ಅರ್ಥ ಗೊತ್ತಿಲ್ಲ, ಹಾಗಾಗಿ ಅದು ತಡೆಯುವ ಪ್ರಶ್ನೆಯೇ ಬರಲ್ಲ. 64 ಅಕ್ಷರದ ಐಆರ್‌ಎನ್ ಹಾಕಿದರೆ ಆ ಫಿಲ್ಲರ್ ಮುಗಿದೇ ಹೋಯಿತು.

ನನ್ನ ಪ್ರಶ್ನೆ ಬೇರೆ. ಐಆರ್‌ಎನ್, ಕ್ಯೂಆರ್ ಇವು ಹೆಡರ್ ಫೈಲಿನಲ್ಲೇ ಯಾಕೆ ಇರಬೇಕು? ಇನ್‌ವಾಯ್ಸ್ ನಂಬರನ್ನೇ ಕೀ ಮಾಡಿ ಬೇರೆ ಟೇಬಲ್ ಮಾಡಿ, ಒಂದು ಇನ್‌ವಾಯ್ಸಿಗೆ ಒಂದು ಸಾಲು. ಆಗ ಹಳೇ ಫೈಲನ್ನು ಮುಟ್ಟುವುದೇ ಬೇಡ, ಲಾಜಿಕಲ್ ಫೈಲಿನ ಕೆಲಸವೂ ಬೇಡ. ಐಆರ್‌ಎನ್ ಹುಟ್ಟುವುದೇ ಇನ್‌ವಾಯ್ಸ್ ಆದ ಮೇಲೆ, ಪೋರ್ಟಲ್‌ನಿಂದ. ಮಾರುವವರ ಜಿಎಸ್‌ಟಿಐಎನ್, ಆರ್ಥಿಕ ವರ್ಷ, ದಾಖಲೆಯ ಬಗೆ, ದಾಖಲೆಯ ನಂಬರ್ ಇವುಗಳಿಂದ ಮಾಡುವ ಹ್ಯಾಶ್ ಅದು. ಕ್ರೆಡಿಟ್ ನೋಟಿಗೂ ಐಆರ್‌ಎನ್ ಬರುತ್ತದೆ. ಪೋರ್ಟಲ್ ತಿರಸ್ಕರಿಸಿದ್ದು, ಮತ್ತೆ ಕಳಿಸಿದ್ದು, ರದ್ದು ಮಾಡಿದ್ದು, ಎಲ್ಲಕ್ಕೂ ಅಲ್ಲಿ ಜಾಗ ಮಾಡಬಹುದು.

ಹಸಿರು_ಪರದೆ

ಶರಾವತಿ ಮೇಡಂ ಹೇಳಿದ್ದು ನನಗಿಂತ ಚೆನ್ನಾಗಿದೆ. ಐಆರ್‌ಎನ್ ಮತ್ತು ಕ್ಯೂಆರ್ ವಿಷಯದಲ್ಲಿ ಜೊತೆ ಟೇಬಲ್ಲೇ ಸರಿ. ಹಳೇ ಪ್ರೋಗ್ರಾಂಗಳಿಗೆ ಅದರಿಂದ ಯಾವ ಕೆಲಸವೂ ಇಲ್ಲ.

ಆದರೆ ಎಲ್ಲವನ್ನೂ ಹಾಗೆ ಹೊರಗೆ ಹಾಕುತ್ತಾ ಹೋದರೆ ಒಂದು ಇನ್‌ವಾಯ್ಸ್ ಓದಲು ಐದು ಟೇಬಲ್ ಜೋಡಿಸಬೇಕಾದ ಸ್ಥಿತಿ ಬರುತ್ತದೆ. ಲೀಗಲ್ ನೇಮ್ ಇನ್‌ವಾಯ್ಸ್ ಹೆಡರಿನದ್ದೇ ಗುಣ. ಇ-ವೇ ಬಿಲ್ ನಂಬರನ್ನು ಡಿಸ್ಪ್ಯಾಚ್ ಸ್ಕ್ರೀನಿನಲ್ಲಿ ದಿನವೂ ನೋಡುತ್ತಾರೆ ಅಂದರೆ ಅದೂ ಹೆಡರಿನಲ್ಲೇ ಇರಲಿ. ರೀಕಂಪೈಲಿಗೆ ಹೆದರಿ ಟೇಬಲ್ಲಿನ ಆಕಾರ ನಿರ್ಧರಿಸಬಾರದು, ಡೇಟಾ ಎಲ್ಲಿಗೆ ಸೇರುತ್ತದೋ ಅಲ್ಲಿಗೆ ಹೋಗಬೇಕು. ಹೆದರಿಕೆ ಕಳೆಯಲಿ ಅಂತಲೇ ಲಾಜಿಕಲ್ ಫೈಲ್ ದಾರಿ ಹೇಳಿದ್ದು.

ಹೊಸಬ_ಜಾವಾ

ಇಂಪ್ಲಿಸಿಟ್ಲಿ ಹಿಡನ್ ಅಂತ ಕಾಲಂ ಮಾಡಬಹುದು ಅಂತ ಓದಿದ್ದೆ. ಸೆಲೆಕ್ಟ್ ಸ್ಟಾರ್‌ನಲ್ಲಿ ಅದು ಕಾಣಲ್ಲವಂತೆ. ಅದರಿಂದ ಆಗಲ್ವಾ?

ಶರಾವತಿ_ಎಸ್‌ಕ್ಯೂಎಲ್

ಅದು ಎಸ್‌ಕ್ಯೂಎಲ್ ಕಡೆಗೆ ಉಪಯೋಗ. ನೇರವಾಗಿ ಫೈಲ್ ಓಪನ್ ಮಾಡುವ ಆರ್‌ಪಿಜಿಯನ್ನು ಉಳಿಸುತ್ತದೆ ಅಂತ ಅದನ್ನು ನಂಬಿಕೊಳ್ಳಬೇಡಿ. ವ್ಯೂ ಕೂಡ ಅಷ್ಟೇ. ವ್ಯೂ ಒಳಗಿನ ಸೆಲೆಕ್ಟ್ ಸ್ಟಾರ್ ಅದು ಕ್ರಿಯೇಟ್ ಆದ ದಿನದ ಕಾಲಂಗಳಿಗೇ ನಿಲ್ಲುತ್ತದೆ, ಅದು ಒಳ್ಳೆಯದೇ, ಆದರೆ ವ್ಯೂಗೆ ಕೀ ಇರಲ್ಲ. ಕೀ ಹಿಡಿದು ಚೈನ್ ಮಾಡುವ ಪ್ರೋಗ್ರಾಂಗೆ ಲಾಜಿಕಲ್ ಫೈಲೇ ಬೇಕು.

ಪೀಣ್ಯ_ಪ್ರೋಗ್ರಾಮರ್

ಟೆಸ್ಟ್ ಲೈಬ್ರರಿಯಲ್ಲಿ ಮಾಡಿದೆ. ಮೊದಲು ಗುರುತು ಹೊಂದಲಿಲ್ಲ, ಒಂದು ಕಾಲಮ್ಮಿಗೆ ದಶಮಾಂಶ ಸ್ಥಾನ ಬೇರೆ ಇತ್ತು. ಸರಿ ಮಾಡಿದ ಮೇಲೆ 13 ಅಕ್ಷರವೂ ಹೊಂದಿತು! ಸೋರ್ಸ್ ಇಲ್ಲದ ಬಿಲ್ ಪ್ರಿಂಟ್ ಪ್ರೋಗ್ರಾಂ ಏನೂ ಆಗದ ಹಾಗೆ ಓಡಿತು.

ಆದರೆ ಹಳೇ ಡೇಟಾ ಕಾಪಿ ಮಾಡುವಾಗ ಕೆಲವು ರೆಕಾರ್ಡಿಗೆ ಸಿಪಿಎಫ್ 5035, ಡೇಟಾ ಮ್ಯಾಪಿಂಗ್ ಎರರ್ ಬರುತ್ತಿದೆ. ಹಳೇ ಫೈಲಿನಲ್ಲಿ ಅದೇ ರೆಕಾರ್ಡುಗಳು ಇಷ್ಟು ವರ್ಷ ಇದ್ದವಲ್ಲ?

ಹಸಿರು_ಪರದೆ

ಇದ್ದವು, ಯಾರೂ ಕೇಳಿರಲಿಲ್ಲ. ಡಿಡಿಎಸ್ ಫಿಸಿಕಲ್ ಫೈಲ್ ಬರೆಯುವಾಗ ಪ್ಯಾಕ್ಡ್ ಫೀಲ್ಡ್ ಸರಿ ಇದೆಯಾ ಅಂತ ನೋಡಲ್ಲ, ಓದುವಾಗ ನೋಡುತ್ತದೆ. ಎಸ್‌ಕ್ಯೂಎಲ್ ಟೇಬಲ್ ಬರೆಯುವಾಗಲೇ ನೋಡುತ್ತದೆ. ಅಂಕಿಯ ಫೀಲ್ಡಿನಲ್ಲಿ ಖಾಲಿ ಜಾಗ ತುಂಬಿದ ಹಳೇ ರೆಕಾರ್ಡುಗಳು ಈಗ ಸಿಕ್ಕಿಬಿದ್ದಿವೆ. ಅವನ್ನು ಪಟ್ಟಿ ಮಾಡಿ, ಅಕೌಂಟ್ಸ್‌ನವರಿಗೆ ತೋರಿಸಿ, ಅವರು ಹೇಳಿದಂತೆ ಸರಿ ಮಾಡಿ. ನೀವಾಗೇ ಸೊನ್ನೆ ಹಾಕಬೇಡಿ, ಅದು ದುಡ್ಡಿನ ಫೀಲ್ಡ್ ಆಗಿರಬಹುದು.

ಇದೇ ಕಾರಣಕ್ಕೆ ಈಗಿನ ಯಾವುದಾದರೂ ಪ್ರೋಗ್ರಾಂ ಇವತ್ತಿಗೂ ಕೆಟ್ಟ ಅಂಕಿ ಬರೆಯುತ್ತಿದ್ದರೆ ಹೊಸ ಟೇಬಲ್ ಬಂದ ದಿನ ಅದು ನಿಲ್ಲುತ್ತದೆ. ಟೆಸ್ಟಿನಲ್ಲಿ ಬರೆಯುವ ಪ್ರೋಗ್ರಾಂಗಳನ್ನು ಜಾಸ್ತಿ ಓಡಿಸಿ. ಅಷ್ಟು ಸಮಯವೇ ಇಲ್ಲ ಅಂದರೆ ಹೊಸ ಫೈಲನ್ನು ಸದ್ಯಕ್ಕೆ ಡಿಡಿಎಸ್‌ನಲ್ಲೇ ಮಾಡಿ, ಲಾಜಿಕಲ್ ಫೈಲ್ ದಾರಿ ಅದಕ್ಕೂ ನಡೆಯುತ್ತದೆ. ಹಳೇ ಫೈಲಿನಲ್ಲಿ ಒಂದಕ್ಕಿಂತ ಹೆಚ್ಚು ಮೆಂಬರ್ (ಒಂದೇ ಫೈಲಿನೊಳಗಿನ ಬೇರೆ ಬೇರೆ ಡೇಟಾ ಭಾಗ) ಇದ್ದರಂತೂ ಡಿಡಿಎಸ್‌ನಲ್ಲೇ ಇರಿ. ತಿಂಗಳಿಗೊಂದು ಮೆಂಬರ್ ಮಾಡಿಕೊಂಡ ಫೈಲುಗಳು ಎಷ್ಟೋ ಕಡೆ ಇವೆ, ಅವನ್ನು ಸಾಮಾನ್ಯ ಎಸ್‌ಕ್ಯೂಎಲ್ ಟೇಬಲ್ಲಿಗೆ ಹಾಗೇ ತರಲು ಆಗಲ್ಲ.

ಇನ್ನೊಂದು. ಕಾಪಿ ಮಾಡುವಾಗ ಡಿಲೀಟ್ ಆದ ರೆಕಾರ್ಡುಗಳ ಜಾಗ ಮುಚ್ಚಿಹೋಗುತ್ತದೆ, ರೆಕಾರ್ಡ್ ನಂಬರ್ ಬದಲಾಗುತ್ತದೆ. ಆ ನಂಬರನ್ನು ಬೇರೆಲ್ಲಾದರೂ ಬರೆದಿಟ್ಟುಕೊಂಡು ಅದರಿಂದ ಓದುವ ಪ್ರೋಗ್ರಾಂ ಇದೆಯಾ ನೋಡಿ.

ಕರಾವಳಿ_ಕೋಡರ್

ಸಿಎಲ್ (ಸಿಸ್ಟಂ ಕಮಾಂಡುಗಳ ಭಾಷೆ) ಪ್ರೋಗ್ರಾಂಗಳನ್ನೂ ನೋಡಿ. ಇನ್ವ್‌ಹೆಡ್ ಈಗ ಲಾಜಿಕಲ್ ಆಗಿದೆ, ಅದರ ಮೇಲೆ ಸಿಎಲ್‌ಆರ್‌ಪಿಎಫ್‌ಎಂ (ಡೇಟಾ ಖಾಲಿ ಮಾಡುವುದು), ಆರ್‌ಜಿಜೆಡ್‌ಪಿಎಫ್‌ಎಂ (ಡಿಲೀಟ್ ಆದ ಜಾಗ ಮುಚ್ಚುವುದು) ನಡೆಯಲ್ಲ. ಕಾಪಿ ಮಾಡುವ ಸಿಪಿವೈಎಫ್‌ನಲ್ಲಿ ಟು ಫೈಲ್ (ಡೇಟಾ ಹೋಗಿ ಸೇರುವ ಫೈಲ್) ಆಗಿ ಲಾಜಿಕಲ್ ಕೊಡಲು ಆಗಲ್ಲ. ವರ್ಷಕ್ಕೊಮ್ಮೆ ಓಡುವ ಪರ್ಜ್ ಜಾಬ್‌ಗಳಲ್ಲಿ ಇವೇ ಇರುತ್ತವೆ, ಮಾರ್ಚ್ 31ರ ರಾತ್ರಿ ಗೊತ್ತಾದರೆ ಕಷ್ಟ.

ನಮ್ಮ ಫೈಲುಗಳಲ್ಲಿ ಲೆವೆಲ್ ಚೆಕ್ ಮತ್ತೆ ಆನ್ ಮಾಡುವ ಬಗ್ಗೆ ಟೀಮಿನಲ್ಲಿ ಮಾತಾಡುತ್ತೇನೆ. ಆನ್ ಮಾಡುವ ಮೊದಲು ಯಾವ ಪ್ರೋಗ್ರಾಂ ನಿಲ್ಲುತ್ತದೆ ಅಂತ ತಿಳಿಯುವುದು ಹೇಗೆ?

ಹಸಿರು_ಪರದೆ

ತುಂಬಾ ಸಂತೋಷ ಸರ್. ಡಿಎಸ್‌ಪಿಪಿಜಿಎಂಆರ್‌ಇಎಫ್ ಔಟ್‌ಫೈಲಿನಲ್ಲಿ ಪ್ರತಿ ಪ್ರೋಗ್ರಾಂ ಯಾವ ಗುರುತಿನೊಂದಿಗೆ ಕಂಪೈಲ್ ಆಗಿದೆ ಅಂತ ಇರುತ್ತದೆ. ಡಿಎಸ್‌ಪಿಎಫ್‌ಡಿ ಔಟ್‌ಫೈಲಿನಲ್ಲಿ ಫೈಲಿನ ಈಗಿನ ಗುರುತು ಇರುತ್ತದೆ. ಎರಡನ್ನೂ ಎಸ್‌ಕ್ಯೂಎಲ್‌ನಲ್ಲಿ ಜೋಡಿಸಿ, ಹೊಂದದವು ಎದುರಿಗೆ ಬರುತ್ತವೆ. ಅವನ್ನು ಮಾತ್ರ ರೀಕಂಪೈಲ್ ಮಾಡಿ ಅಥವಾ ಅವಕ್ಕೆ ಹಳೇ ಫಾರ್ಮ್ಯಾಟಿನ ಲಾಜಿಕಲ್ ಫೈಲ್ ಕೊಡಿ. ಒಂದೇ ಒಂದು ಜಾಬಿಗೆ ತುರ್ತಾಗಿ ಬೇಕೇ ಬೇಕು ಅಂದರೆ ಆ ಜಾಬಿನ ಸಿಎಲ್‌ನಲ್ಲಿ ಓವಿಆರ್‌ಡಿಬಿಎಫ್ (ತಾತ್ಕಾಲಿಕ ಓವರ್‌ರೈಡ್) ಹಾಕಿ, ಅಲ್ಲಿ ಲೆವೆಲ್ ಚೆಕ್ ನೋ ಕೊಡಿ. ಅದು ಆ ಜಾಬಿನ ಜೊತೆ ಮುಗಿಯುತ್ತದೆ. ಫೈಲಿಗೇ ಸಿಎಚ್‌ಜಿಪಿಎಫ್ (ಫೈಲಿನ ಗುಣ ಬದಲಾಯಿಸುವ ಕಮಾಂಡ್) ಮಾಡಿದರೆ ಅದು ಶಾಶ್ವತ.

ಮಿನ್ನೆಸೋಟ_ಕನ್ನಡಿಗ

ಒಂದು ಭಿನ್ನಾಭಿಪ್ರಾಯ ದಾಖಲಿಸುತ್ತೇನೆ. ಸೋರ್ಸ್ ಪೂರ್ತಿ ಇದ್ದು, ಬಿಲ್ಡ್ ತಾನಾಗಿ ಆಗುವ ವ್ಯವಸ್ಥೆ ಇರುವ ಕಡೆ ಎಲ್ಲವನ್ನೂ ರೀಕಂಪೈಲ್ ಮಾಡುವುದೇ ಮೇಲು. ಹಳೇ ಫಾರ್ಮ್ಯಾಟುಗಳನ್ನು ಪದರ ಪದರವಾಗಿ ಉಳಿಸಿಕೊಂಡರೆ ಕೆಲವು ವರ್ಷದ ನಂತರ ಯಾವ ಪ್ರೋಗ್ರಾಂ ಯಾವ ಪದರ ನೋಡುತ್ತಿದೆ ಅಂತ ತಿಳಿಯುವುದೇ ಕೆಲಸವಾಗುತ್ತದೆ. ಹೊಸದಾಗಿ ಬರೆಯುವ ಕೋಡಿನಲ್ಲಿ ಫೈಲ್ ಓದುವ ಬರೆಯುವ ಕೆಲಸವನ್ನೆಲ್ಲ ಒಂದು ಸರ್ವಿಸ್ ಪ್ರೋಗ್ರಾಂ ಒಳಗೆ ಇಡಿ, ಉಳಿದವರು ಅದನ್ನು ಕರೆಯಲಿ. ಅದರ ಪ್ರೊಸೀಜರುಗಳ ಪಟ್ಟಿಯಾದ ಬೈಂಡರ್ ಸೋರ್ಸಿನಲ್ಲಿ ಹೊಸ ಪ್ರೊಸೀಜರನ್ನು ಕೊನೆಗೆ ಸೇರಿಸಿ, ಹಳೇ ಸಿಗ್ನೇಚರನ್ನು (ಆ ಪಟ್ಟಿಯ ಗುರುತು) ಉಳಿಸಿಕೊಂಡರೆ ಕರೆಯುವವರನ್ನು ಮುಟ್ಟಬೇಕಿಲ್ಲ.

ಹಸಿರು_ಪರದೆ

ಒಪ್ಪುತ್ತೇನೆ. ಪೀಣ್ಯದವರ ಕಡೆ ಸೋರ್ಸೇ ಇಲ್ಲ, ಅದಕ್ಕೆ ಈ ದಾರಿ. ಪದರ ಒಂದೇ ಇರಲಿ. ಮುಂದಿನ ಬದಲಾವಣೆಗೆ ಇನ್ನೊಂದು ಲಾಜಿಕಲ್ ಫೈಲ್ ಮೇಲೆ ಇನ್ನೊಂದು ಅಂತ ಕಟ್ಟಬೇಡಿ. ಹೊಸ ಪ್ರೋಗ್ರಾಂಗಳು ನೀವು ಹೇಳಿದ ಹಾಗೆ ಸರ್ವಿಸ್ ಪ್ರೋಗ್ರಾಂ ಮೂಲಕ, ಬೇಕಾದ ಕಾಲಂಗಳನ್ನು ಮಾತ್ರ ಹೆಸರಿಸಿ ಕೇಳಿದರೆ ಈ ಪ್ರಶ್ನೆಯೇ ಏಳಲ್ಲ.

ಪೀಣ್ಯ_ಪ್ರೋಗ್ರಾಮರ್

ಎಲ್ಲರಿಗೂ ಧನ್ಯವಾದ. ಐಆರ್‌ಎನ್, ಕ್ಯೂಆರ್ ಜೊತೆ ಟೇಬಲ್ಲಿಗೆ. ಲೀಗಲ್ ನೇಮ್, ಇ-ವೇ ಬಿಲ್ ಹೆಡರಿಗೆ, ಹಳೇ ಹೆಸರಿನ ಲಾಜಿಕಲ್ ಫೈಲಿನೊಂದಿಗೆ. ಮ್ಯಾನೇಜರ್ ಒಪ್ಪಿದ್ದಾರೆ, ಸೋರ್ಸ್ ಇಲ್ಲದ ಪ್ರೋಗ್ರಾಂ ಓಡಿದ್ದನ್ನು ತೋರಿಸಿದ ಮೇಲೆ ಮಾತೇ ಬರಲಿಲ್ಲ. ತಿಂಗಳ ಕೊನೆಯ ಕ್ಲೋಸಿಂಗ್ ಮುಗಿದ ಮೇಲಿನ ಶನಿವಾರ ರಾತ್ರಿ ಮಾಡುತ್ತೇವೆ.

ಇನ್ನೊಂದೇ ಪ್ರಶ್ನೆ. ಹಳೇ ಫೈಲಿನ ಮೇಲೆ ಒಂದು ಟ್ರಿಗರ್ ಪ್ರೋಗ್ರಾಂ ಇದೆ, ರೆಕಾರ್ಡ್ ಬದಲಾದಾಗ ತಾನೇ ಓಡಿ ಆಡಿಟ್‌ಗೆ ಬರೆಯುತ್ತದೆ. ಅದಕ್ಕೂ ರೀಕಂಪೈಲ್ ಬೇಡವಾ?

ಶರಾವತಿ_ಎಸ್‌ಕ್ಯೂಎಲ್

ಅದಕ್ಕೆ ಬೇಕಾಗಬಹುದು. ಟ್ರಿಗರ್ ಸೇರಿಸುವ ಎಡಿಡಿಪಿಎಫ್‌ಟಿಆರ್‌ಜಿ ಕಮಾಂಡ್ ಫಿಸಿಕಲ್ ಫೈಲಿಗೆ ಮಾತ್ರ, ಹಾಗಾಗಿ ಟ್ರಿಗರನ್ನು ಹೊಸ ಟೇಬಲ್ಲಿನ ಮೇಲೆ ಹಾಕಬೇಕು. ಆಗ ಟ್ರಿಗರ್ ಬಫರಿನಲ್ಲಿ ಬರುವುದು ಹೊಸ ಟೇಬಲ್ಲಿನ ಪೂರ್ತಿ ರೆಕಾರ್ಡ್, ಲಾಜಿಕಲ್ ಫೈಲಿನ ಹಳೇ ರೂಪ ಅಲ್ಲ. ರೆಕಾರ್ಡ್ ಉದ್ದವಾಗಿದೆ, ಹಾಗಾಗಿ ಬಫರಿನಲ್ಲಿ ಹೊಸ ಇಮೇಜ್ (ಬದಲಾದ ಮೇಲಿನ ರೆಕಾರ್ಡ್) ಶುರುವಾಗುವ ಜಾಗ ಜರುಗಿರುತ್ತದೆ. ಬಫರಿನ ತಲೆಯಲ್ಲಿ ಹಳೇ ರೆಕಾರ್ಡ್ ಎಲ್ಲಿ, ಹೊಸ ರೆಕಾರ್ಡ್ ಎಲ್ಲಿ ಅಂತ ಆಫ್‌ಸೆಟ್ ಕೊಟ್ಟಿರುತ್ತಾರೆ. ನಿಮ್ಮ ಪ್ರೋಗ್ರಾಂ ಆ ಆಫ್‌ಸೆಟ್ ಬಳಸುತ್ತಿದ್ದು, ಹೊಸ ಕಾಲಂಗಳು ಕೊನೆಯಲ್ಲೇ ಇದ್ದರೆ ತೊಂದರೆ ಇಲ್ಲ. ಜಾಗವನ್ನು ಅಂಕಿಯಾಗಿ ಬರೆದುಬಿಟ್ಟಿದ್ದರೆ ಸರಿ ಮಾಡಲೇಬೇಕು. ಟ್ರಿಗರಿಗೆ ಲೆವೆಲ್ ಚೆಕ್ ಕಾವಲು ಇಲ್ಲ, ಅದು ತಪ್ಪು ಆಡಿಟ್ ಬರೆದುಕೊಂಡು ಹೋಗುತ್ತದೆ.

ಪೀಣ್ಯ_ಪ್ರೋಗ್ರಾಮರ್

ಸೋರ್ಸ್ ತೆಗೆದು ನೋಡಿದೆ, ಅಂಕಿಯಾಗಿಯೇ ಬರೆದಿದ್ದಾರೆ. ಪುಣ್ಯಕ್ಕೆ ಇದರ ಸೋರ್ಸ್ ಇದೆ. ಆಫ್‌ಸೆಟ್ ಬಳಸುವ ಹಾಗೆ ತಿದ್ದುತ್ತೇನೆ.

ಹಸಿರು_ಪರದೆ

ಶನಿವಾರಕ್ಕೆ ಎರಡು ಮಾತು. ಹಳೇ ಫಿಸಿಕಲ್ ಫೈಲನ್ನು ಡಿಲೀಟ್ ಮಾಡಬೇಡಿ. ಅದನ್ನು ಅದರ ಲಾಜಿಕಲ್‌ಗಳ ಸಮೇತ ಸೇವ್ ಮಾಡಿ, ಬೇರೆ ಲೈಬ್ರರಿಯಲ್ಲಿ ಇಡಿ. ಹಿಂದೆ ಹೋಗಬೇಕಾಗಿ ಬಂದರೆ ಅದೇ ಗುರುತು, ಅದೇ ಪ್ರೋಗ್ರಾಂಗಳು, ಏನೂ ಕಂಪೈಲ್ ಇಲ್ಲದೆ ವಾಪಸ್ ಹೋಗಬಹುದು. ಹೊಸ ಟೇಬಲ್ಲಿಗೆ ಜರ್ನಲಿಂಗ್ (ಬದಲಾವಣೆಗಳ ದಾಖಲೆ) ಶುರುವಾಗಿದೆಯಾ, ಯೂಸರುಗಳಿಗೆ ಲಾಜಿಕಲ್ ಫೈಲಿನ ಜೊತೆ ಹೊಸ ಟೇಬಲ್ಲಿನ ಡೇಟಾ ಅಥಾರಿಟಿಯೂ ಸಿಕ್ಕಿದೆಯಾ ಅಂತ ಸಾಮಾನ್ಯ ಯೂಸರ್ ಪ್ರೊಫೈಲಿನಿಂದ ಲಾಗಿನ್ ಆಗಿ ಒಂದು ಬಿಲ್ ಹಾಕಿ ನೋಡಿ. ನಿಮ್ಮ ಪ್ರೊಫೈಲಿಗೆ ಎಲ್ಲ ಅಧಿಕಾರ ಇರುತ್ತದೆ, ಅದರಿಂದ ನೋಡಿದರೆ ತೊಂದರೆ ಕಾಣಲ್ಲ. ಭಾನುವಾರ ಹೇಗಾಯಿತು ಅಂತ ಇಲ್ಲಿ ಬರೆಯಿರಿ.